ತೊಳೆಯದೆ ತುಂಬಿದ ನೂರು ಕೇಸು

ರಾಮದಾಸ ಮಂಡಿಯ ಆಪರೇಷನ್ ಮಾಡಿಸಿಕೊಂಡು ಅಯನಾವರದ ಮನೆಯಲ್ಲಿ ಕಾಲು ಚಾಚಿ ಮಲಗಿದ್ದ ಎರಡು ವಾರ, ಇಬ್ಬರ ಕೆಲಸವೂ ಚನ್ನವೀರಪ್ಪನೊಬ್ಬನ ತಲೆಯ ಮೇಲೆ ಬಿತ್ತು. ಅದರಿಂದ ಅವನಿಗೆ ಬೇಸರವೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಸ್ವಲ್ಪ ಖುಷಿಯೇ ಆಗಿತ್ತು.

ಇಬ್ಬರೂ ಹದಿನಾಲ್ಕು ವರ್ಷಗಳಿಂದ ಒಂದು ರೈಫಲ್ ಕ್ಲಬ್ಬಿನಲ್ಲಿ ಗುಂಡುಗಳನ್ನು ಮರುತುಂಬುವ ಕೆಲಸ ಮಾಡುತ್ತಿದ್ದರು. ಕ್ಲಬ್ಬು ಇರುವುದು ಚೆನ್ನೈನಿಂದ ಚೆಂಗಲ್ಪಟ್ಟಿನ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಕೆರೆಯ ಏರಿಗೆ ಬೆನ್ನು ಕೊಟ್ಟುಕೊಂಡು. ಪರವಾನಗಿ ಕ್ಲಬ್ಬಿನ ಹೆಸರಿನಲ್ಲಿತ್ತು. ತುಂಬಿದ ಗುಂಡುಗಳನ್ನು ಇಡುವ ಕಬ್ಬಿಣದ ಬೀರುವಿಗೆ ಎರಡು ಬೀಗ. ಒಂದರ ಕೀಲಿ ಚನ್ನವೀರಪ್ಪನ ಹತ್ತಿರ, ಇನ್ನೊಂದರದು ರಾಮದಾಸನ ಹತ್ತಿರ. ರಾಮದಾಸ ಮಲಗಿದ ಮೇಲೆ ಅವನ ಕೀಲಿ ಕಾರ್ಯದರ್ಶಿ ಪ್ರಮೋದನ ಕೈಗೆ ಹೋಗಿತ್ತು.

ಚನ್ನವೀರಪ್ಪ ಕಲಬುರಗಿ ಕಡೆಯವನು. ಇಪ್ಪತ್ಮೂರನೆಯ ವಯಸ್ಸಿಗೆ ಪೆರಂಬೂರಿನ ರೈಲ್ವೆ ಕಾರ್ಖಾನೆಗೆ ಬಂದು, ಟೂಲ್ ರೂಮಿನಲ್ಲಿ ಮೂವತ್ತೇಳು ವರ್ಷ ದುಡಿದು ನಿವೃತ್ತನಾದವನು. ಉಕ್ಕನ್ನು ಕೂದಲೆಳೆಯ ಅಳತೆಗೆ ತರುವ ಕೈ ಅವನದು. ರಾಮದಾಸನ ಮನೆಯವರು ಕನ್ನಡದವರಾದರೂ ಮೂರು ತಲೆಮಾರಿನಿಂದ ಚೆನ್ನೈಯವರೇ. ಅವನು ರೈಲ್ವೆಯ ಔಷಧಾಲಯದಲ್ಲಿ ಕಾಂಪೌಂಡರ್ ಆಗಿದ್ದ. ಒಬ್ಬನಿಗೆ ಅಳತೆ ಗೊತ್ತು, ಇನ್ನೊಬ್ಬನಿಗೆ ಬೆರಕೆ ಗೊತ್ತು ಎಂದು ಕ್ಲಬ್ಬಿನವರು ಹೇಳುತ್ತಿದ್ದರು.

ಗುಂಡು ಹಾರಿದ ಮೇಲೆ ಹಿತ್ತಾಳೆಯ ಕೇಸು ಉಳಿಯುತ್ತದೆ. ಒಳಗಿನ ಒತ್ತಡಕ್ಕೆ ಅದು ತುಸು ಉಬ್ಬಿರುತ್ತದೆ. ಡೈ ಎನ್ನುವ ಉಕ್ಕಿನ ಅಚ್ಚಿನೊಳಗೆ ಅದನ್ನು ಒತ್ತಿ ಮೊದಲಿನ ಅಳತೆಗೆ ತಂದರೆ ಮತ್ತೆ ಮದ್ದು ತುಂಬಿ ಬಳಸಬಹುದು. ಆದರೆ ಹಿತ್ತಾಳೆ ಡೈಯೊಳಗೆ ಸುಮ್ಮನೆ ಜಾರುವುದಿಲ್ಲ, ಮೇಲೆ ಜಿಡ್ಡು ಬೇಕು. ಜಿಡ್ಡು ಕಡಿಮೆಯಾದರೆ ಕೇಸು ಡೈಯನ್ನು ಕಚ್ಚಿಕೊಂಡು ಕೂತುಬಿಡುತ್ತದೆ. ಹೆಚ್ಚಾದರೆ ಕೇಸು ಕಿರಿದಾಗುವ ಭುಜದ ಹತ್ತಿರ ತಗ್ಗು ಬೀಳುತ್ತದೆ. ಕೇಸಿನ ಬಾಯಿಯಿಂದ ಒಳಗಿಳಿದರೆ ಮದ್ದೇ ಕೆಡುತ್ತದೆ. ಹೀಗಾಗಿ ಯಾವ ಜಿಡ್ಡು, ಎಷ್ಟು, ಹೇಗೆ ಎನ್ನುವುದರ ಮೇಲೆ ಇಬ್ಬರೂ ವರ್ಷಗಟ್ಟಲೆ ಜಗಳವಾಡಿದ್ದರು. ಮೆಷಿನ್ ಎಣ್ಣೆ ಹಚ್ಚಿ ನೋಡಿದರು, ಮೇಣ ಹಚ್ಚಿ ನೋಡಿದರು. ಕೊನೆಗೆ ಗೆದ್ದದ್ದು ರಾಮದಾಸನ ಬಾಟಲಿ. ಚೆನ್ನೈಯ ಪ್ಯಾರೀಸ್ ಕಾರ್ನರಿನ ಒಂದು ಕೆಮಿಕಲ್ ಅಂಗಡಿಯಿಂದ ಲ್ಯಾನೋಲಿನ್ ತರುತ್ತಿದ್ದ, ಅಂದರೆ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು. ಅದನ್ನು ಬಿಸಿ ಮಾಡಿ ಸ್ಪಿರಿಟ್ಟಿನಲ್ಲಿ ಬೆರೆಸುತ್ತಿದ್ದ. ಮುಚ್ಚಳ ತೆಗೆದರೆ ಒದ್ದೆ ಕಂಬಳಿಯ ವಾಸನೆ. ಅದನ್ನು ಹಚ್ಚಿದ ಕೇಸುಗಳನ್ನು ಡೈಯಿಂದ ತೆಗೆದ ಮೇಲೆ ಬಿಸಿನೀರು, ಸಾಬೂನಿನಲ್ಲಿ ತೊಳೆದು ಎರಡು ದಿನ ಒಣಗಿಸಬೇಕು. ಅದೊಂದು ದೊಡ್ಡ ಕೆಲಸ. ಆದರೆ ಆ ಹದಿನಾಲ್ಕು ವರ್ಷದಲ್ಲಿ ಒಂದು ಗುಂಡೂ ಕೈಕೊಟ್ಟಿರಲಿಲ್ಲ.

ಕ್ಲಬ್ಬಿನಲ್ಲಿ ಎಲ್ಲರೂ ಅದನ್ನು ‘ರಾಮದಾಸ್ ಲ್ಯೂಬ್’ ಎನ್ನುತ್ತಿದ್ದರು. ಡೈಯನ್ನು ಹೊಳಪು ಮಾಡಿ, ಅಳತೆ ಕೂರಿಸಿ, ಒತ್ತುವ ಯಂತ್ರದ ಹಿಡಿ ಎಳೆಯುತ್ತಿದ್ದವನು ಚನ್ನವೀರಪ್ಪ. ಅವನ ಹೆಸರಿನಲ್ಲಿ ಅಲ್ಲಿ ಯಾವುದೂ ಇರಲಿಲ್ಲ. ಈ ಮಾತು ಅವನು ಯಾರ ಹತ್ತಿರವೂ ಆಡಿದವನಲ್ಲ. ತನಗೇ ಸರಿಯಾಗಿ ಹೇಳಿಕೊಂಡಿರಲೂ ಇಲ್ಲ.

ಅದು ನವೆಂಬರ್. ಬಿಡದೆ ಮಳೆ. ಡಿಸೆಂಬರಿನ ಮೊದಲ ವಾರ ಹೊರ ರಾಜ್ಯದಲ್ಲಿ ರಾಷ್ಟ್ರೀಯ ತಂಡದ ಆಯ್ಕೆ ಸ್ಪರ್ಧೆಯಿತ್ತು. ಕ್ಲಬ್ಬಿನಿಂದ ಹೋಗುವವಳು ಶರಣ್ಯಾ ಒಬ್ಬಳೇ. ಬಳ್ಳಾರಿ ಕಡೆಯ ಬ್ಯಾಂಕ್ ನೌಕರರ ಮಗಳು, ಇಪ್ಪತ್ತಾರು ವರ್ಷ, ವಿಮಾ ಕಂಪನಿಯಲ್ಲಿ ಕೆಲಸ. ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಅರ್ಧ ತಮಿಳಿನಲ್ಲಿ. ಅವಳಿಗೆ ನೂರು ಗುಂಡು ಬೇಕಿತ್ತು. ತೊಳೆದ ಕೇಸುಗಳು ಆ ಹವೆಯಲ್ಲಿ ನಾಲ್ಕು ದಿನವಾದರೂ ಒಣಗುವಂತಿರಲಿಲ್ಲ.

ಆಗ ಕೈಗೆ ಬಂದದ್ದು ಆ ಸ್ಪ್ರೇ ಡಬ್ಬಿ. ಕ್ಲಬ್ಬಿನ ಸದಸ್ಯ ಅನಿಲ್ ವಿದೇಶಕ್ಕೆ ಹೋಗಿದ್ದಾಗ ತಂದುಕೊಟ್ಟದ್ದು. “ಇದನ್ನ ತೊಳೆಯೋ ಕೆಲಸವೇ ಇಲ್ವಂತೆ ಸಾರ್, ಹೊಡೆದು ಒತ್ತಿದ್ರೆ ಮುಗೀತು,” ಎಂದಿದ್ದ. ಚನ್ನವೀರಪ್ಪ ಕೇಸುಗಳನ್ನು ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ ಸ್ಪ್ರೇ ಹೊಡೆದ. ನಿಂಬೆಹಣ್ಣಿನಂಥ ತೆಳು ವಾಸನೆ. ಡೈಯೊಳಗೆ ಕೇಸು ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಇಷ್ಟು ಹಗುರವಾಗಿ ಹಿಡಿ ಎಳೆದದ್ದು ಅವನಿಗೆ ನೆನಪಿರಲಿಲ್ಲ. ಹೊರಗಿನ ಜಿಡ್ಡನ್ನು ಬಟ್ಟೆಯಿಂದ ಒರೆಸಿದ. ತೊಳೆಯಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ನೂರೂ ತುಂಬಿ ಐವತ್ತೈವತ್ತರಂತೆ ಎರಡು ಡಬ್ಬದಲ್ಲಿ ಜೋಡಿಸಿದ.

ಪ್ರತಿ ಡಬ್ಬದೊಳಗೆ ಒಂದು ಚೀಟಿ ಇಡುವ ನಿಯಮವಿತ್ತು. ತಾರೀಖು, ಮದ್ದಿನ ತೂಕ, ಯಾವ ಲ್ಯೂಬ್, ತುಂಬಿದವರ ಸಹಿ. ಲ್ಯೂಬ್ ಎನ್ನುವ ಕಡೆ ಅವನ ಪೆನ್ನು ಒಂದು ಕ್ಷಣ ನಿಂತಿತು. ಹೊಸದನ್ನು ಬಳಸಬೇಕಾದರೆ ಮೊದಲು ಹತ್ತು ಗುಂಡು ಪರೀಕ್ಷೆ ಮಾಡಿ ಪ್ರಮೋದನಿಗೆ ತಿಳಿಸಬೇಕಿತ್ತು. ಸ್ಪರ್ಧೆ ಮುಗಿದು ಬರಲಿ, ಫಲಿತಾಂಶ ನೋಡಿದ ಮೇಲೆ ಹೇಳಿದರಾಯಿತು. ಆಗ ರಾಮದಾಸನೂ ಒಪ್ಪುತ್ತಾನೆ ಎಂದುಕೊಂಡ. ‘ಎಂದಿನದು’ ಎಂದು ಬರೆದು ಸಹಿ ಹಾಕಿದ.

ಸ್ಪರ್ಧೆಗೆ ಐವತ್ತು ಸಾಕು, ಉಳಿದದ್ದು ಬಂದ ಮೇಲೆ ಅಭ್ಯಾಸಕ್ಕೆ ಎಂದು ಶರಣ್ಯಾ ಒಂದೇ ಡಬ್ಬ ತೆಗೆದುಕೊಂಡು ಹೋದಳು. ಇನ್ನೊಂದು ಬೀರುವಿನಲ್ಲಿ ಉಳಿಯಿತು.

ಸ್ಪರ್ಧೆಯಲ್ಲಿ ಇಪ್ಪತ್ತೆರಡು ಗುಂಡುಗಳವರೆಗೆ ಅವಳು ಎರಡನೆಯ ಸ್ಥಾನದಲ್ಲಿದ್ದಳು. ಇಪ್ಪತ್ಮೂರನೆಯದು ನೆನೆದ ಪಟಾಕಿಯ ಹಾಗೆ ‘ಟಪ್’ ಎಂದಿತು. ಗುರಿಹಲಗೆಯ ಮೇಲೆ ಗುರುತಿಲ್ಲ. ಅವಳು ಮುಂದಿನ ಗುಂಡು ಹಾಕದೆ ರೈಫಲ್ ಕೆಳಗಿಟ್ಟು ಕೈ ಎತ್ತಿದಳು. ನೋಡಿದರೆ ಗುಂಡು ನಳಿಕೆಯ ಅರ್ಧದಲ್ಲಿ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದನ್ನು ಹಾರಿಸಿದ್ದರೆ ನಳಿಕೆ ಅವಳ ಕೆನ್ನೆಯ ಪಕ್ಕದಲ್ಲೇ ಸಿಡಿಯುತ್ತಿತ್ತು ಎಂದು ಅಲ್ಲಿಯ ಅಧಿಕಾರಿಗಳು ವರದಿಯಲ್ಲಿ ಬರೆದರು. ಉಳಿದ ಗುಂಡುಗಳನ್ನು ಅಲ್ಲೇ ವಶಕ್ಕೆ ತೆಗೆದುಕೊಂಡು ನಾಶ ಮಾಡಿದರು. ಕ್ಲಬ್ಬಿಗೆ ವಾಪಸ್ ಬಂದದ್ದು ವರದಿ ಮತ್ತು ಅದಕ್ಕೆ ಪಿನ್ ಹಾಕಿದ್ದ ಆ ಚೀಟಿ. ಶರಣ್ಯಾಗೆ ಆ ವರ್ಷದ ತಂಡ ತಪ್ಪಿತು.

ಸುದ್ದಿ ಕೇಳಿದ ದಿನ ಚನ್ನವೀರಪ್ಪ ಸ್ಪ್ರೇ ಡಬ್ಬಿಯನ್ನು ಮನೆಗೆ ತಂದು, ಕನ್ನಡಕ ಹಾಕಿಕೊಂಡು, ಹಿಂಬದಿಯ ಸಣ್ಣ ಅಕ್ಷರಗಳನ್ನು ಮೊದಲ ಸಲ ಓದಿದ. ಕೇಸಿನ ಒಳಗೆ ಬೀಳದಂತೆ ನೋಡಿಕೊಳ್ಳಿ; ಒಳಗೆ ಬಿದ್ದರೆ ಪೂರ್ತಿ ತೊಳೆದು ಒಣಗಿಸಿ ಎಂದು ಅದರಲ್ಲೇ ಇತ್ತು.

ಕಮಿಟಿ ಸೇರಿತು. ರಾಮದಾಸ ಕೋಲು ಊರಿಕೊಂಡು ಬಂದಿದ್ದ. ಪ್ರಮೋದ ಚೀಟಿಯನ್ನು ಮೇಜಿನ ಮೇಲಿಟ್ಟು ಕೇಳಿದ:

“ಚನ್ನವೀರಪ್ಪ ಸಾರ್, ಕೇಸುಗಳನ್ನ ಎಂದಿನ ಹಾಗೆ ತೊಳೆದು ಒಣಗಿಸಿದ್ರಿ ತಾನೇ?”

“ಹೌದು,” ಎಂದ ಚನ್ನವೀರಪ್ಪ.

ಅಷ್ಟೇ. ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂದದ್ದು ಹೊರಗೆ ಬಿತ್ತು. ಮುಂದಿನ ಮಾತೆಲ್ಲ ಅದರ ಮೇಲೇ ನಡೆಯಿತು. ತೊಳೆದದ್ದು ನಿಜವಾದರೆ ತಪ್ಪು ಲ್ಯೂಬಿನದೇ. ಮನೆಯ ಅಡುಗೆ ಒಲೆಯ ಮೇಲೆ ಬೆರೆಸಿದ್ದನ್ನು ಇಷ್ಟು ವರ್ಷ ನಂಬಿದ್ದೇ ತಪ್ಪು ಎಂದರು ಕೆಲವರು. ಚನ್ನವೀರಪ್ಪ ಮೇಜಿನ ಅಂಚನ್ನು ನೋಡುತ್ತ ಕೂತಿದ್ದ. ರಾಮದಾಸ ವಾದ ಮಾಡುತ್ತಾನೆ, ಆಗ ನಾನು ಬಾಯಿ ಬಿಡುತ್ತೇನೆ ಎಂದು ಕಾದ. ರಾಮದಾಸ ವಾದ ಮಾಡಲಿಲ್ಲ.

“ಆ ಸಲ ಸ್ಪಿರಿಟ್ ಬೇರೆ ಅಂಗಡೀಲಿ ತಗೊಂಡಿದ್ದೆ,” ಎಂದ ಮೆಲ್ಲಗೆ. “ರೆಗ್ಯುಲರ್ ಅಂಗಡಿ ಪೂಟ್ಟಿತ್ತು, ಬೀಗ ಹಾಕಿದ್ರು. ಅದ್ರಲ್ಲಿ ನೀರೋ ಎಣ್ಣೆಯೋ ಬೆರೆಸಿದ್ರೋ ಏನೋ. ನಾನು ಚೆಕ್ ಮಾಡಬೇಕಿತ್ತು. ಮಂಡಿ ನೋವಿನ ಅವಸರದಲ್ಲಿ ವಿಟ್ಟುಬಿಟ್ಟೆ. ತಪ್ಪು ನಂದೇ.”

ರಾಮದಾಸ ಇನ್ನು ಮೇಲೆ ತುಂಬುವ ಕೋಣೆಗೆ ಬರಬೇಕಾಗಿಲ್ಲ, ಅವನ ಲ್ಯೂಬ್ ಬಳಸಿ ತುಂಬಿದ ಎಲ್ಲ ಗುಂಡುಗಳನ್ನೂ ಬಿಚ್ಚಿ ನಾಶ ಮಾಡಬೇಕು ಎಂದು ತೀರ್ಮಾನವಾಯಿತು.

ಆ ಎರಡನೆಯ ಮಾತು ಚನ್ನವೀರಪ್ಪನ ಎದೆಗೆ ಬಡಿಯಿತು. ಬೀರುವಿನಲ್ಲಿ ಉಳಿದಿದ್ದ ಐವತ್ತನ್ನು ಬಿಚ್ಚಿದರೆ ಕಂಬಳಿಯ ವಾಸನೆ ಬರುವುದಿಲ್ಲ, ನಿಂಬೆಯದು ಬರುತ್ತದೆ. ಮರುದಿನ ಪ್ರಮೋದ ಬಂದು ಎರಡೂ ಬೀಗ ತೆಗೆಸಿದ. ಫೋನು ಬಂತೆಂದು ಅವನು ವರಾಂಡಕ್ಕೆ ಹೋದ ಐದು ನಿಮಿಷದಲ್ಲಿ ಚನ್ನವೀರಪ್ಪ ಆ ಡಬ್ಬದ ಚೀಟಿ ತೆಗೆದು ಜೇಬಿಗೆ ಹಾಕಿಕೊಂಡು, ಹೊಸ ಚೀಟಿ ಬರೆದಿಟ್ಟ. ಲ್ಯೂಬ್: ಮೇಣ. ಕೆಳಗೆ ತನ್ನದೇ ಸಹಿ. ಅಕ್ಷರ ದುಂಡಾಗಿಯೇ ಬಂದವು. ಅದೇ ಆಮೇಲೆ ಅವನನ್ನು ಹೆಚ್ಚು ಕಾಡಿತು.

ಯಾವಾಗಲಾದರೂ ಒಬ್ಬನೇ ಇದ್ದಾಗ ಆ ಐವತ್ತನ್ನು ಬಿಚ್ಚಿ ಮುಗಿಸಿಬಿಡುತ್ತೇನೆ ಎಂದು ಲೆಕ್ಕ ಹಾಕಿದ್ದ. ಎರಡನೆಯ ಕೀಲಿ ಪ್ರಮೋದನ ಹತ್ತಿರವೇ ಉಳಿದದ್ದರಿಂದ ಅಂಥ ದಿನ ಬರಲೇ ಇಲ್ಲ.

ಜನವರಿಯಲ್ಲಿ ಗೊತ್ತಾಯಿತು: ರಾಮದಾಸ ಕೋಯಂಬೇಡು ಮಾರುಕಟ್ಟೆಯಿಂದ ಒಂದು ಚೀಲ ಕಿತ್ತಳೆ ಕೊಂಡು, ಲಿಫ್ಟಿಲ್ಲದ ಕಟ್ಟಡದ ಮೂರು ಮಹಡಿ ಹತ್ತಿ, ಶರಣ್ಯಾಳ ಮನೆಗೆ ಹೋಗಿ ಕ್ಷಮೆ ಕೇಳಿ ಬಂದಿದ್ದನಂತೆ. ಪ್ರಮೋದ ಇದನ್ನು ಮೆಚ್ಚುಗೆಯಿಂದಲೇ ಹೇಳಿದ. ಆ ದಿನ ಚನ್ನವೀರಪ್ಪ ಊಟ ಮಾಡಲಿಲ್ಲ. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದರೆ ಮೆಟ್ಟಿಲು ಹತ್ತುವ ಆ ಕಾಲೇ ಕಾಣುತ್ತಿತ್ತು. ಪೂಜೆ ಬೇಗ ಮುಗಿಸತೊಡಗಿದ. ಅವನ ಹೆಂಡತಿ ಜಗದೇವಿ ಇದನ್ನೆಲ್ಲ ನೋಡುತ್ತಿದ್ದಳು.

“ಯಾಕ್ರಿ, ರಾಮದಾಸಣ್ಣಗ ಫೋನ್ ಮಾಡಿ ಎಷ್ಟು ದಿನ ಆತು?” ಎಂದು ಒಂದು ಸಂಜೆ ಕೇಳಿದಳು.

“ಅವರಿಗ್ ಕಾಲು ಬ್ಯಾನಿ ಅದ. ಸುಮ್ನ ಯಾಕ ತ್ರಾಸ ಕೊಡೋದು.”

“ಕಾಲು ಬ್ಯಾನಿ ಇದ್ದೋರು ಫೋನ್ ಎತ್ತಲ್ಲೇನು? ಅವರ ಮನಿಯಾಕಿ ಕಲಾವತಿ ನನಗ ಸಿಕ್ಕಿದ್ಳು. ಅವ್ರು ಮನ್ಯಾಗ ಗೋಡಿ ನೋಡ್ಕೋತ ಕುಂದರ್ತಾರಂತ. ಯಾರರ ಒಂದು ಗುಳಿಗಿ ಹೆಸರು ಕೇಳಿದ್ರೂ, ನನಗ ಗೊತ್ತಿಲ್ಲ, ಡಾಕ್ಟರ್‌ಗೆ ಕೇಳ್ರಿ ಅಂತಾರಂತ. ಮೊದಲ ಹಂಗಿದ್ದಿಲ್ಲ ಅವ್ರು.”

ಚನ್ನವೀರಪ್ಪ ಎದ್ದು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದ. ಹೇಳಬೇಕೆಂದು ಬಾಯಿಯವರೆಗೂ ಬಂದಿತ್ತು. ಜಗದೇವಿಗೆ ಹೇಳಿದರೆ ಅವಳು ಈಗಲೇ ಚಪ್ಪಲಿ ಮೆಟ್ಟಿಕೊಳ್ಳಿ ಎನ್ನುತ್ತಾಳೆಂದು ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ.

ಏಪ್ರಿಲ್ ಮೊದಲ ಶನಿವಾರ, ಬೆಳಿಗ್ಗೆ ಎಂಟರ ಹೊತ್ತಿಗೆ, ಅವನು ಕ್ಲಬ್ಬಿನ ತುಂಬುವ ಕೋಣೆಯಲ್ಲಿ ಡೈ ಒರೆಸುತ್ತಿದ್ದ. ಪ್ರಮೋದ ಒಳಗೆ ಬಂದ, ಹಿಂದೆಯೇ ಶರಣ್ಯಾ. ಮೇ ತಿಂಗಳಲ್ಲಿ ರಾಜ್ಯ ಮಟ್ಟದ ಸ್ಪರ್ಧೆಯಿದೆ, ಅಭ್ಯಾಸಕ್ಕೆ ಗುಂಡು ಬೇಕು, ಹಳೆಯದೆಲ್ಲ ನಾಶವಾಗಿದೆ, ಹೊಸದಿನ್ನೂ ತಯಾರಿಲ್ಲ ಎಂದ ಪ್ರಮೋದ.

“ನಿಮ್ಮ ಮೇಣದ ಡಬ್ಬ ಒಂದಿದೆಯಲ್ಲ ಸಾರ್, ಅದನ್ನೇ ಕೊಟ್ಟುಬಿಡಿ.”

“ಅದು ಹಳೇದು,” ಎಂದ ಚನ್ನವೀರಪ್ಪ.

“ಐದು ತಿಂಗಳೇನು ಹಳೇದಾ? ನೀವು ಮಾಡಿದ್ದು ಅಂದ್ರೆ ಇವಳಿಗೂ ಧೈರ್ಯ.”

ಶರಣ್ಯಾ ಅವನ ಮುಖ ನೋಡಿ ನಕ್ಕಳು. “ನೀಂಗ ಪಣ್ಣದಾ ಅಂಕಲ್? ಅಪ್ಪೋ ಪೋದುಂ.” ನೀವು ಮಾಡಿದ್ದಾದರೆ ಸಾಕು ಎಂದು.

ಚನ್ನವೀರಪ್ಪನ ಕೀಲಿಯನ್ನೂ ಇಸಿದುಕೊಂಡು ಪ್ರಮೋದ ಎರಡೂ ಬೀಗ ತೆಗೆದು, ಕೀಲಿ ಮರಳಿಸಿದ. ಡಬ್ಬ ಮೇಜಿನ ಮೇಲೆ ಬಂತು. ಪುಸ್ತಕ ತೆರೆದು, ಕೊಟ್ಟವರ ಸಹಿ ಎನ್ನುವ ಕಡೆ ಬೆರಳಿಟ್ಟು ತೋರಿಸಿದ. ಈಗ ಹೇಳಬೇಕು, ಈ ಕ್ಷಣವೇ ಎಂದು ಚನ್ನವೀರಪ್ಪನಿಗೆ ಅನ್ನಿಸಿತು. ಹಾಗೆ ಅನ್ನಿಸುತ್ತಿರುವಾಗಲೇ ಅವನ ಕೈ ಸಹಿ ಹಾಕಿತು. ಮೊದಲ ಡಬ್ಬದಲ್ಲಿ ಇಪ್ಪತ್ತೆರಡು ಚೆನ್ನಾಗಿಯೇ ಹಾರಿದ್ದವು, ಕೆಟ್ಟದ್ದು ಒಂದು. ಇದರಲ್ಲಿ ಒಂದೂ ಇರದೆ ಹೋಗಬಹುದು. ಮನಸ್ಸು ಇಂಥ ಲೆಕ್ಕ ಎಷ್ಟು ಬೇಗ ಮಾಡುತ್ತದೆ ಎಂದು ಆಮೇಲೆ ಅವನಿಗೇ ಹೇಸಿಗೆಯಾಯಿತು.

ಅವಳು ಡಬ್ಬ ಎತ್ತಿಕೊಂಡು ಹೋದಳು. ಪ್ರಮೋದನೂ ಹೋದ. ಚನ್ನವೀರಪ್ಪ ಸ್ಟೂಲಿನ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ಮೊದಲನೆಯದು ಕೇಳಿಸಿತು. ತುಂಬು ಸದ್ದು, ಏರಿಗೆ ಬಡಿದು ಮರಳಿ ಬಂತು. ಅವನು ಉಸಿರು ಬಿಟ್ಟ. ನಿಮಿಷದ ಮೇಲೆ ಎರಡನೆಯದು. ಅದೂ ಸರಿಯಾಗಿತ್ತು. ಅವನ ಎರಡೂ ಕೈ ಮಂಡಿಯ ಮೇಲಿದ್ದವು. ಏಳಬೇಕೆಂದರೆ ಏಳಬಹುದಿತ್ತು. ಯಾರೂ ಹಿಡಿದುಕೊಂಡಿರಲಿಲ್ಲ. ಮೂರನೆಯದು ಹಾರಿತು. ಅದರ ಸದ್ದು ಸ್ವಲ್ಪ ಕುಗ್ಗಿದಂತೆ ಕೇಳಿತೋ, ಅಥವಾ ಹಾಗೆಂದು ಅವನ ಭಯವೋ, ಇವತ್ತಿಗೂ ಅವನಿಗೆ ಗೊತ್ತಿಲ್ಲ. ಸ್ಟೂಲು ಹಿಂದಕ್ಕೆ ಬಿತ್ತು. ಅರವತ್ತನಾಲ್ಕು ವರ್ಷದ ಮನುಷ್ಯ ಬಿಸಿಲಿನಲ್ಲಿ ಬರಿಗಾಲಿನಲ್ಲಿ ಓಡಿದ. ಗುಂಡು ಹಾರಿಸುವ ಕಟ್ಟೆಯ ಕಂಬದಲ್ಲಿ ನೇತು ಹಾಕಿದ್ದ ಕೆಂಪು ಬಾವುಟವನ್ನು ಕಿತ್ತು ಎತ್ತಿ ಹಿಡಿದು, “ಸ್ಟಾಪ್, ಸ್ಟಾಪ್” ಎಂದು ಕೂಗಿದ.

ಆ ಮಾತು ಕೇಳಿದರೆ ಎಲ್ಲರೂ ಕೈ ತೆಗೆಯಬೇಕು, ಅದು ನಿಯಮ. ನಾಲ್ಕು ಜನ ಹಾರಿಸುತ್ತಿದ್ದರು. ನಾಲ್ವರೂ ರೈಫಲ್ ಕೆಳಗಿಟ್ಟು ತಿರುಗಿದರು. ಶರಣ್ಯಾ ಕಿವಿಯ ಮುಚ್ಚಳ ತೆಗೆದು ಕೇಳಿದಳು:

“ಎನ್ನ ಆಚ್ಚು ಅಂಕಲ್?” ಏನಾಯಿತು ಎಂದು.

ಅವನಿಗೆ ಏದುಸಿರು. “ಅದನ್ನ ಹಾರಿಸಬ್ಯಾಡ ತಾಯಿ. ಆ ಡಬ್ಬ ಮೇಣದ್ದಲ್ಲ. ಚೀಟಿ ನಾನೇ ಬದಲಿ ಮಾಡೀನಿ.”

ಪ್ರಮೋದ ಓಡಿ ಬಂದ. ಚನ್ನವೀರಪ್ಪ ನಿಂತಲ್ಲೇ ಎಲ್ಲವನ್ನೂ ಹೇಳಿದ. ಸ್ಪ್ರೇ, ತೊಳೆಯದೆ ತುಂಬಿದ್ದು, ಎರಡು ಚೀಟಿ, ಕಮಿಟಿಯ ಮುಂದೆ ಹೌದು ಎಂದದ್ದು. ಕೇಳುವವರು ನಂಬುತ್ತಿಲ್ಲವೇನೋ ಎನ್ನಿಸಿ ಕೆಲವನ್ನು ಎರಡೆರಡು ಸಲ ಹೇಳಿದ. ಕಟ್ಟೆಯ ಮೇಲ್ವಿಚಾರಣೆಗೆ ನಿಂತಿದ್ದ ಅಧಿಕಾರಿ ಶರಣ್ಯಾಳ ರೈಫಲ್ಲಿನ ನಳಿಕೆಯೊಳಗೆ ಕಣ್ಣಿಟ್ಟು ನೋಡಿದರು. ಏನೂ ಸಿಕ್ಕಿಕೊಂಡಿರಲಿಲ್ಲ.

ಉಳಿದ ನಲವತ್ತೇಳನ್ನೂ ಅಂದೇ ಕೋಣೆಯಲ್ಲಿ ಬಿಚ್ಚಿದರು. ಒಂದೊಂದು ಕೇಸನ್ನೂ ಬಿಳಿ ಕಾಗದದ ಮೇಲೆ ಬೋರಲು ಹಾಕಿದರೆ ಮದ್ದು ಮರಳಿನಂತೆ ಸುರಿಯಬೇಕು. ಒಂಬತ್ತು ಕೇಸುಗಳಲ್ಲಿ ಅದು ಸುರಿಯಲಿಲ್ಲ. ತಟ್ಟಿದರೆ ಹಸಿ ಬೆಲ್ಲದ ಹಾಗೆ ಮುದ್ದೆಯಾಗಿ ಬಿತ್ತು. ಕೋಣೆಯ ತುಂಬ ನಿಂಬೆಯ ವಾಸನೆ. ಶರಣ್ಯಾ ಆ ಒಂಬತ್ತನ್ನೂ ನೋಡುತ್ತ ನಿಂತಿದ್ದಳು.

“ಡಿಸೆಂಬರ್‌ದೂ ಇದೇನಾ ಅಂಕಲ್?”

“ಇದೇ.”

ಅವಳು ಕೂಗಾಡಲಿಲ್ಲ. ದಪ್ಪ ಜಾಕೆಟ್ಟಿನ ಬಕಲುಗಳನ್ನು ಒಂದೊಂದಾಗಿ ಬಿಚ್ಚಿದಳು. “ರಾಮದಾಸ್ ಅಂಕಲ್ ಆ ಕಾಲಲ್ಲಿ ನಮ್ಮನೆಗೆ ಬಂದು ಸಾರಿ ಕೇಳಿದ್ರು. ಅಮ್ಮ ಕೋಪದಲ್ಲಿ ಅವ್ರಿಗೆ ಕುಡಿಯಕ್ಕೆ ತಣ್ಣಿ ಕೂಡ ಕೊಡಲಿಲ್ಲ. ಕಿತ್ತಳೆನ ವಾಚ್‌ಮ್ಯಾನ್‌ಗೆ ಕೊಟ್ಬಿಟ್ರು.” ಕೊನೆಯ ಬಕಲು ಬಿಚ್ಚುತ್ತ, “ನಾನೂ ರೂಮಿಂದ ವೆಳಿಯೇ ಬರಲಿಲ್ಲ,” ಎಂದಳು. ಆಮೇಲೆ ಚೀಲ ಎತ್ತಿಕೊಂಡು ಹೊರಟುಹೋದಳು.

ಪ್ರಮೋದ ಚನ್ನವೀರಪ್ಪನ ಕೀಲಿ ಕೇಳಿ ತೆಗೆದುಕೊಂಡ. “ಕೊನೆಗಾದ್ರೂ ಓಡಿ ಬಂದು ನಿಲ್ಲಿಸಿದ್ರಲ್ಲ ಸಾರ್, ಅದನ್ನ ವರದಿಯಲ್ಲಿ ಬರೀತೀನಿ,” ಎಂದ. ಮೂರು ಗುಂಡು ಹಾರುವವರೆಗೂ ತಾನು ಸ್ಟೂಲಿನ ಮೇಲೆ ಕೂತಿದ್ದೆ ಎಂದು ಚನ್ನವೀರಪ್ಪ ಅವನಿಗೆ ಹೇಳಲಿಲ್ಲ.

ಅವನು ಮನೆಗೆ ಹೋಗಲಿಲ್ಲ. ಲೋಕಲ್ ರೈಲು ಹತ್ತಿ, ಇಳಿದು, ಬಸ್ಸು ಹಿಡಿದು ಅಯನಾವರಕ್ಕೆ ಬಂದಾಗ ಮಧ್ಯಾಹ್ನ ಒಂದೂವರೆ. ಕಲಾವತಿ ಬಾಗಿಲು ತೆಗೆದಳು. ಅವನ ಧೂಳು ಹಿಡಿದ ಕಾಲು, ಬೆವರು ನೋಡಿ ಗಾಬರಿಯಾಗಿ, “ಬನ್ನಿ ಬನ್ನಿ, ಊಟ ಆಯ್ತಾ?” ಎಂದಳು. ರಾಮದಾಸ ಜಗುಲಿಗೆ ಹೊಂದಿದ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ಗೆಳೆಯನನ್ನು ನೋಡಿ ಅವನ ಮುಖ ಅರಳಿತು.

“ವಾಪ್ಪಾ ವೀರಪ್ಪ. ಇವತ್ತೇನು ಈ ಕಡೆ? ನಾನೇ ಬರೋಣ ಅಂತಿದ್ದೆ. ಕೂತ್ಕೋ.”

ಚನ್ನವೀರಪ್ಪ ಕೂರಲಿಲ್ಲ. ನಿಂತುಕೊಂಡೇ ಹೇಳಿದ. ಕ್ಲಬ್ಬಿನಲ್ಲಿ ಹೇಳಿದ್ದಕ್ಕಿಂತ ಇದು ಕಷ್ಟವಾಯಿತು. ಅಲ್ಲಿ ಅವಸರವಿತ್ತು, ಇಲ್ಲಿ ರಾಮದಾಸ ತಾಳ್ಮೆಯಿಂದ ಕೇಳುತ್ತಿದ್ದ. ಸ್ಪ್ರೇ ಡಬ್ಬಿಯ ಮಾತು ಬಂದಾಗ ಅವನ ಹುಬ್ಬು ಮೇಲೇರಿತು. ಕಮಿಟಿಯ ಮಾತು ಬಂದಾಗ ಅವನು ಕಿಟಕಿಯ ಕಡೆ ತಿರುಗಿದ. ಕೊನೆಗೆ ಚನ್ನವೀರಪ್ಪ, “ಇವತ್ತು ಮುಂಜಾನೆ ಆ ಹುಡುಗಿ ಮೂರು ಗುಂಡು ಹಾರಿಸೋತನಕ ನಾ ಕುಂತೇ ಇದ್ದೆ, ರಾಮದಾಸ್ರೇ. ಎಲ್ಲಾ ಸರಿ ಹೋದ್ರ ಸುಮ್ನ ಇರೋಣ ಅಂತ ಕುಂತಿದ್ದೆ. ಇದನ್ನ ಪ್ರಮೋದಗ ಹೇಳಿಲ್ಲ, ನಿಮಗ ಹೇಳ್ಲಿಕತ್ತೀನಿ,” ಎಂದ.

ಕಲಾವತಿ ಬಾಗಿಲ ಬಳಿ ಕಾಫಿ ಹಿಡಿದು ನಿಂತವಳು ಅಲ್ಲೇ ನಿಂತಿದ್ದಳು.

ರಾಮದಾಸ ಕಿಟಕಿಯಿಂದ ಈ ಕಡೆ ತಿರುಗಿ ಕೇಳಿದ: “ಸ್ಪಿರಿಟ್ ಸರಿಯಿತ್ತಾ?”

“ಸರಿ ಇತ್ತು. ನಿಮ್ಮ ಬಾಟ್ಲಿ ನಾ ಮುಟ್ಟೇ ಇಲ್ಲ.”

“ನಾನು ಅದನ್ನ ವಾಷ್‌ಬೇಸಿನ್‌ಗೆ ಸುರಿದ್ಬಿಟ್ಟೆ. ಹದಿನಾಲ್ಕು ವರ್ಷದ ಅಳತೆ ಬರೆದಿಟ್ಟ ನೋಟ್‌ಬುಕ್ಕನ್ನೂ ಕಿಳಿಚ್ಚು ಹಾಕಿದೆ,” ಎಂದು ಹರಿದು ತೋರಿಸುವವನಂತೆ ಕೈ ಆಡಿಸಿದ. “ಕ್ಲಬ್‌ನವರು ಬೈದ್ರು, ಅದು ಪರವಾಯಿಲ್ಲ ಪಾ. ಕೀಲಿ ವಾಪಸ್ ಕೊಡಲಿಲ್ಲ, ಅದೂ ಪರವಾಯಿಲ್ಲ. ಮೊಮ್ಮಗಳಿಗೆ ಜ್ವರ ಬಂದಾಗ ಸಿರಪ್ ಎಷ್ಟು ಎಮ್ಮೆಲ್ ಅಂತ ಸೊಸೆ ಕೇಳಿದ್ಳು. ಮೂವತ್ತೈದು ವರ್ಷ ಅದೇ ಕೆಲಸ ಮಾಡಿದೋನು ನಾನು. ಬಾಟ್ಲಿ ಕೈಯಲ್ಲಿ ಹಿಡಿದು ನಿಂತಿದ್ದೆ. ಅಳೆಯೋಕೆ ಆಗಲಿಲ್ಲ. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿತ್ತು. ಅದನ್ನ ನೀನು ಮಾಡಿದ್ದು.”

“ತಪ್ಪಾಗ್ಯಾದ,” ಎಂದ ಚನ್ನವೀರಪ್ಪ. ಆ ಮಾತು ಅಷ್ಟು ಸಣ್ಣದೆಂದು ಅದು ಬಾಯಿಂದ ಬಂದ ಮೇಲೆ ತಿಳಿಯಿತು.

“ಕಾಫಿ ಕುಡಿದು ಹೋಗು,” ಎಂದ ರಾಮದಾಸ. “ಆಮೇಲೆ ಸ್ವಲ್ಪ ದಿನ ಬರಬೇಡ. ನಾನಾಗಿ ಕರೆಯೋವರೆಗೂ ಬರಬೇಡ.”

ಕಾಫಿ ಆರಿತ್ತು. ಅವನು ಕುಡಿದು ಲೋಟವನ್ನು ತಾನೇ ತೊಳೆಯಲು ಹೋದಾಗ ಕಲಾವತಿ ಕೈಯಿಂದ ತೆಗೆದುಕೊಂಡಳು.

ಸಂಜೆ ಜಗದೇವಿಗೆ ಎಲ್ಲ ಹೇಳಿದ. ಅವಳು ಸೊಪ್ಪು ಸೋಸುತ್ತಿದ್ದಳು. ಕೈ ನಿಲ್ಲಿಸಿ ಕೇಳಿದಳು, ಮತ್ತೆ ಸೋಸತೊಡಗಿದಳು. “ನಾ ಕೇಳಿದಾಗ ಹೇಳಿದ್ರ ಎರಡು ತಿಂಗಳು ಕಮ್ಮಿ ಆಗ್ತಿತ್ತು ಅವರ ಸಂಕಟ,” ಎಂದಳು. ಅಷ್ಟು ಮಾತ್ರ.

ಕಮಿಟಿ ಮತ್ತೆ ಸೇರಿ ಚನ್ನವೀರಪ್ಪನನ್ನು ತುಂಬುವ ಕೆಲಸದಿಂದ ತೆಗೆಯಿತು. ಹಿಂದಿನ ತೀರ್ಮಾನ ತಪ್ಪೆಂದು ಬರೆದು ರಾಮದಾಸನಿಗೆ ಪತ್ರ ಕಳಿಸಿತು. ಅವನು ಕೂಡಲೇ ಬರಲಿಲ್ಲವಂತೆ. ಶರಣ್ಯಾ ಮತ್ತು ಅವಳ ತಾಯಿ ಅವನ ಮನೆಗೆ ಹೋಗಿ ಬಂದ ಮೇಲೆ, ಜೂನ್ ತಿಂಗಳಲ್ಲಿ ಹೊಸ ನೋಟ್‌ಬುಕ್ಕಿನೊಂದಿಗೆ ಬಂದನಂತೆ. ಶರಣ್ಯಾ ಮೇ ತಿಂಗಳ ಸ್ಪರ್ಧೆಯಲ್ಲಿ ಬೇರೆ ಕ್ಲಬ್ಬಿನವರ ಗುಂಡುಗಳನ್ನು ಬಳಸಿ ನಾಲ್ಕನೆಯವಳಾದಳು. ಚನ್ನವೀರಪ್ಪ ಅವಳಿಗೊಂದು ಪತ್ರ ಬರೆದ. ‘ಓದಿದೆ ಅಂಕಲ್’ ಎಂದು ಮೊಬೈಲಿನಲ್ಲಿ ಒಂದು ಸಾಲು ಬಂತು. ಮುಂದೇನೂ ಬರಲಿಲ್ಲ. ಬರಬೇಕೆಂದು ಅವನೂ ಬಯಸಲಿಲ್ಲ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ರಾಮದಾಸನ ಫೋನು ಬಂತು.

“ವೀರಪ್ಪ, ಹೊಸದಾಗಿ ಸೇರಿದ ರವಿಶಂಕರ್ ಅಂತ ಒಬ್ಬರಿದ್ದಾರೆ. ಲ್ಯೂಬ್ ಕಮ್ಮಿ ಹಚ್ಚಿಬಿಟ್ರು. ಕೇಸು ಡೈಯೊಳಗೆ ಮಾಟಿಕ್ಕೊಂಡು ಕೂತಿದೆ. ಎಳೆದ್ರೆ ಬುಡ ಕಿತ್ತು ಬಂತು. ಕೊರೆದು ತೆಗೀಬೇಕು. ಡೈಗೆ ಗೀರು ಬೀಳಬಾರದು. ಆ ಕೆಲಸ ಇಲ್ಲಿ ಯಾರಿಗೂ ಬರಲ್ಲ.”

“ನಾ ಬರಬಹುದೇನು?”

“ಪ್ರಮೋದನ್ನ ಕೇಳಿದ್ದೀನಿ. ಅದೊಂದು ಕೆಲಸಕ್ಕೆ ಮಾತ್ರ. ಬೇರೆ ಏನೂ ಮುಟ್ಟಬಾರದು.”

“ಆಗಲಿ.”

ಅವನು ತನ್ನ ಸಣ್ಣ ಡ್ರಿಲ್ಲು, ತಿರುಪಿನ ಎಳೆ ಕೊಯ್ಯುವ ಟ್ಯಾಪು, ಹೊಳಪು ಕಾಗದ ತೆಗೆದುಕೊಂಡು ಹೋದ. ರಾಮದಾಸ ಮೇಜಿನ ಆಚೆ ಕೂತಿದ್ದ. ಕುಶಲ ಕೇಳಲಿಲ್ಲ. ಡೈಯನ್ನು ಮುಂದಕ್ಕೆ ತಳ್ಳಿದ. ಚನ್ನವೀರಪ್ಪ ಅದನ್ನು ಮೇಜಿಗೆ ಕೂರಿಸಿದ ಇಕ್ಕಳದಲ್ಲಿ ಬಿಗಿದು, ಕೇಸಿನ ನಡುವೆ ತೂತು ಕೊರೆದು, ಒಳಗೆ ಎಳೆ ಕೊಯ್ದು, ಬೋಲ್ಟು ತಿರುಗಿಸಿ ಮೆಲ್ಲಗೆ ಎಳೆದ. ಒಂದು ಗಂಟೆ ಹಿಡಿಯಿತು. ಕೇಸು ಕಿರುಗುಡುತ್ತ ಹೊರಬಂತು. ಡೈಯ ಒಳಮೈಯನ್ನು ಬೆಳಕಿಗೆ ಹಿಡಿದು ಇಬ್ಬರೂ ಸರದಿಯಂತೆ ನೋಡಿದರು. ಗೀರು ಇರಲಿಲ್ಲ.

“ಮುಂದಿನ ಗುರುವಾರ ಇನ್ನೊಂದು ಡೈ ನೋಡಬೇಕು,” ಎಂದ ರಾಮದಾಸ, ಅವನ ಮುಖ ನೋಡದೆ. “ಹತ್ತು ಗಂಟೆಗೆ ಬಾ.”

ಚನ್ನವೀರಪ್ಪ ತನ್ನ ಸಾಮಾನುಗಳನ್ನು ಚೀಲಕ್ಕೆ ತುಂಬಿಕೊಂಡು, ಬರುತ್ತೇನೆ ಎಂದು ಹೇಳಿ, ಸ್ಟೇಷನ್ನಿನ ಕಡೆ ನಡೆದ.